ಗಾಲಿಯೊಳಗಿನ ಗಾಳಿ

ಒಂಬತ್ತನೆಯ ತರಗತಿಯಲ್ಲಿ ಒತ್ತಡದ ಪಾಠವನ್ನು ಮುಗಿಸಿ, ಸಂದೇಹಗಳಿದ್ದರೆ ಕೇಳಬಹುದೆಂದು ಹೇಳಿದಾಗ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತನು. "ಸರ್, ಕಾರಿನ ಗಾಲಿಗೆ ಮೂವತ್ತು ಪೌಂಡು ಗಾಳಿ ಸಾಕಂತಾರ್ರಿ. ನಮ್ಮಣ್ಣನ ರೇಸ್ ಸೈಕಲ್ಲಿನ ಟೈರಿನ ಮ್ಯಾಲೆ ನೂರಾಹದಿನೈದು ಅಂತ ಬರದೈತ್ರಿ. ಸಾವಿರ ಕಿಲೋ ಕಾರಿಗೆ ಕಡಿಮಿ, ಹತ್ತು ಕಿಲೋ ಸೈಕಲ್ಲಿಗೆ ಜಾಸ್ತಿ, ಇದು ಹೆಂಗ್ರಿ?" ಎಂಬುದು ಅವನ ಪ್ರಶ್ನೆ. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಏಕೆಂದರೆ ಆ ಪ್ರಶ್ನೆಗೆ ಸರಿಯಾದ ಉತ್ತರವನ್ನು ತಿಳಿಯದೆ ಹಿಂದೊಮ್ಮೆ ನಾನು ಕೊಟ್ಟ ಸಲಹೆಯಿಂದ ವಿದ್ಯಾರ್ಥಿಯೊಬ್ಬನಿಗೆ ಪೆಟ್ಟಾದುದು ನನ್ನ ನೆನಪಿನಲ್ಲಿತ್ತು. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ. ಮೊದಲು ಹುಡುಗನ ಪ್ರಶ್ನೆಯನ್ನೇ ಬಿಡಿಸೋಣ.

ಗಾಳಿ ಹಾಕುವ ಅಂಗಡಿಯಲ್ಲಿ ನಾವು 'ಪೌಂಡು' ಎಂದು ಸುಮ್ಮನೆ ಹೇಳುವುದು ವಾಸ್ತವವಾಗಿ ಗಾಳಿಯ ತೂಕವಲ್ಲ. ಒಂದು ಚದರ ಅಂಗುಲ ಜಾಗದ ಮೇಲೆ ಗಾಳಿಯು ಎಷ್ಟು ಪೌಂಡಿನಷ್ಟು ಒತ್ತುತ್ತದೆ ಎಂಬುದರ ಅಳತೆ ಅದು. ಪಠ್ಯಪುಸ್ತಕದ ಲೆಕ್ಕಕ್ಕೆ ಹೊಂದಿಸಿಕೊಳ್ಳುವುದಾದರೆ, ಸುಮಾರು 14 ಪೌಂಡು ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ. ಆದುದರಿಂದ 70 ಪೌಂಡಿನ ಗಾಳಿಯೆಂದರೆ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ 5 ಕಿಲೋಗ್ರಾಂ ಎಂದು ನೆನಪಿಟ್ಟುಕೊಂಡರೆ ಸಾಕು.

ಈಗ ಕಾರನ್ನೂ ಸೈಕಲ್ಲನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸೋಣ. ಸಾವಿರ ಕಿಲೋಗ್ರಾಂ ಕಾರಿನ ಭಾರವನ್ನು ನಾಲ್ಕು ಗಾಲಿಗಳು ಸಮನಾಗಿ ಹಂಚಿಕೊಂಡರೆ ಒಂದೊಂದರ ಮೇಲೆ 250 ಕಿಲೋಗ್ರಾಂ. ಒಳಗಿನ ಗಾಳಿಯು ಚದರ ಸೆಂಟಿಮೀಟರಿಗೆ 2 ಕಿಲೋಗ್ರಾಮಿಗಿಂತ ತುಸು ಹೆಚ್ಚಾಗಿ ಒತ್ತುತ್ತಿದೆ. ಹಾಗಾದರೆ ಆ ಭಾರವನ್ನು ಎತ್ತಿ ಹಿಡಿಯಲು ಟೈರು ನೆಲಕ್ಕೆ ತಾಗಬೇಕಾದ ಜಾಗ ಸುಮಾರು 120 ಚದರ ಸೆಂಟಿಮೀಟರು. ಅಂದರೆ ಒಂದು ಅಂಗೈ ಅಗಲ. ಇನ್ನು ಸೈಕಲ್ಲು. ಸವಾರನೂ ಸೈಕಲ್ಲೂ ಸೇರಿ 70 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಸವಾರನು ಹಿಂದಕ್ಕೆ ಸರಿದು ಕುಳಿತಿರುವುದರಿಂದ ಭಾರದ 60 ಪಾಲು ಹಿಂದಿನ ಗಾಲಿಗೆ, 40 ಪಾಲು ಮುಂದಿನ ಗಾಲಿಗೆ ಬೀಳುತ್ತದೆ. ಹಿಂದಿನ ಗಾಲಿಯ ಮೇಲಿನ 42 ಕಿಲೋಗ್ರಾಮನ್ನು 70 ಪೌಂಡಿನ ಗಾಳಿ ಹೊರುವುದಾದರೆ ನೆಲಕ್ಕೆ ತಾಗುವ ಜಾಗ 8 ಚದರ ಸೆಂಟಿಮೀಟರಿಗೆ ಸ್ವಲ್ಪ ಮೇಲೆ. ಒಂದು ಬೆರಳನ್ನು ನೆಲದ ಮೇಲೆ ಚಾಚಿಟ್ಟಷ್ಟು ಜಾಗ, ಅಷ್ಟೆ. ಕಾರು ನಾಲ್ಕು ಅಂಗೈಗಳ ಮೇಲೆ ನಿಂತಿದೆ; ಸೈಕಲ್ಲು ಎರಡು ಬೆರಳುಗಳ ಮೇಲೆ ನಿಂತಿದೆ. ನಿಲ್ಲುವ ಜಾಗ ಕಿರಿದಾದಷ್ಟೂ ಒತ್ತಡ ಹೆಚ್ಚಿರಲೇಬೇಕು.

ಇದರ ಜೊತೆಗೆ ಇನ್ನೊಂದು ಸಂಗತಿಯಿದೆ. ಟೈರಿನ ಹೊಟ್ಟೆಯು ದಾರದ ನೇಯ್ಗೆಗೆ ರಬ್ಬರನ್ನು ಲೇಪಿಸಿ ಮಾಡಿದ ಬಟ್ಟೆ. ಒಳಗಿನ ಗಾಳಿ ಅದನ್ನು ಹರಿಯಲು ಸದಾ ಸೆಳೆಯುತ್ತಿರುತ್ತದೆ. ಈ ಸೆಳೆತವು ಗಾಳಿಯ ಒತ್ತಡವನ್ನು ಮಾತ್ರವಲ್ಲದೆ ಟೈರಿನ ದಪ್ಪವನ್ನೂ ಅವಲಂಬಿಸಿದೆ. ಎರಡರಷ್ಟು ದಪ್ಪದ ಟೈರಿಗೆ ಅರ್ಧದಷ್ಟು ಒತ್ತಡವನ್ನು ಕೊಟ್ಟರೂ ಬಟ್ಟೆಯ ಮೇಲಿನ ಸೆಳೆತ ಅಷ್ಟೇ ಇರುತ್ತದೆ. ಆದುದರಿಂದಲೇ ತೆಳ್ಳನೆಯ ಟೈರು 100 ಪೌಂಡನ್ನು ತಾಳಿಕೊಳ್ಳಬಲ್ಲದು. ಅದೇ ಬಟ್ಟೆಯಿಂದ ಮಾಡಿದ ದಪ್ಪ ಟೈರು ತಾಳದು. ತಾಳಬಲ್ಲದು ಎಂದ ಮಾತ್ರಕ್ಕೆ ತುಂಬಲೇಬೇಕೆಂದಲ್ಲ. ಹುಡುಗನ ಅಣ್ಣನ ಟೈರಿನ ಮೇಲೆ ಬರೆದಿದ್ದ 115 ಎಂಬುದು ಅದರ ಗರಿಷ್ಠ ಮಿತಿಯೇ ಹೊರತು ಸವಾರನಿಗೆ ಕೊಟ್ಟ ಆಜ್ಞೆಯಲ್ಲ. ಬಂಡಿಯು ಇಪ್ಪತ್ತು ಚೀಲ ಹೊರಬಲ್ಲದೆಂದು ಎಲ್ಲ ದಿನವೂ ಇಪ್ಪತ್ತು ಚೀಲ ಹೇರುವವರುಂಟೆ?

ಬಂಡಿಯ ಮಾತು ಬಂದುದರಿಂದ ಅಲ್ಲಿಯೇ ಸ್ವಲ್ಪ ನಿಲ್ಲುವುದು ಒಳ್ಳೆಯದು. ನಮ್ಮ ಭಾಗದ ಹಿರಿಯರು ಕಬ್ಬಿಣದ ಹಳಿಯ ಮರದ ಗಾಲಿಗಳ ಬಂಡಿಯನ್ನೂ ಕಂಡಿದ್ದಾರೆ, ಆಮೇಲೆ ಬಂದ ಟೈರಿನ ಬಂಡಿಯನ್ನೂ ಕಂಡಿದ್ದಾರೆ. ಅದೇ ಜೋಡಿ ಎತ್ತುಗಳು ಟೈರಿನ ಬಂಡಿಯಲ್ಲಿ ಹೆಚ್ಚು ಭಾರವನ್ನು ಕಡಿಮೆ ಆಯಾಸದಿಂದ ಎಳೆದುದು ಹೇಗೆ? ಹಳಿಯ ಗಾಲಿಗೆ ನಿಂಬೆಹಣ್ಣಿನಷ್ಟು ಕಲ್ಲು ಅಡ್ಡ ಬಂದರೆ, ಬಂಡಿಯೂ ಅದರ ಮೇಲಿನ ಚೀಲಗಳೂ ಕಲ್ಲಿನಷ್ಟು ಎತ್ತರಕ್ಕೆ ಏರಿ ಧಡಕ್ಕನೆ ಇಳಿಯಬೇಕು. ಏರಿಸಿದ ಶ್ರಮವೆಲ್ಲ ಇಳಿಯುವಾಗ ಸದ್ದಾಗಿ, ಅದುರಾಗಿ ವ್ಯರ್ಥವಾಗುತ್ತದೆ. ಗಾಳಿಯ ಟೈರಾದರೆ ಕಲ್ಲನ್ನು ತನ್ನ ಹೊಟ್ಟೆಯೊಳಗೆ ನುಂಗಿಕೊಳ್ಳುತ್ತದೆ. ಬಂಡಿ ಏರುವುದಿಲ್ಲ, ಟೈರು ತಗ್ಗುತ್ತದೆ. ತಗ್ಗಿದ ಗಾಳಿ ಮರುಕ್ಷಣವೇ ಹಿಗ್ಗಿ, ತಾನು ಪಡೆದ ಶಕ್ತಿಯ ಬಹುಭಾಗವನ್ನು ಗಾಲಿಗೇ ಹಿಂದಿರುಗಿಸುತ್ತದೆ. ಗಾಳಿಯ ಟೈರಿನ ಗುಟ್ಟೆಲ್ಲ ಈ ತಗ್ಗುವಿಕೆಯಲ್ಲಿದೆ. ತಗ್ಗಲು ಒಪ್ಪದಷ್ಟು ಗಾಳಿಯನ್ನು ತುಂಬಿಬಿಟ್ಟರೆ ನಾವು ಹಣ ಕೊಟ್ಟು ಕೊಂಡ ಟೈರನ್ನು ನಮ್ಮ ಕೈಯಿಂದಲೇ ಕಬ್ಬಿಣದ ಹಳಿಯನ್ನಾಗಿ ಮಾಡಿದಂತಾಯಿತು.

ಈ ಗುಟ್ಟನ್ನು ಮೊದಲು ಕಂಡವನು ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್. 1845ರಲ್ಲಿ ಅವನು ಗಾಳಿ ತುಂಬಿದ ಗಾಲಿಗೆ ಹಕ್ಕುಪತ್ರ ಪಡೆದನು. ಆದರೆ ಆಗ ಸೈಕಲ್ಲಾಗಲಿ ಮೋಟಾರಾಗಲಿ ಇರಲಿಲ್ಲ, ಕುದುರೆಗಾಡಿಗಳ ಕಾಲ. ಲೋಕವು ಅದನ್ನು ಮರೆಯಿತು. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಮಾಡಿದ ಪ್ರಯೋಗದಿಂದ ಅದೇ ಸತ್ಯವನ್ನು ಮತ್ತೆ ಕಂಡುಕೊಂಡನು. ಮರುವರ್ಷ ಅದೇ ಊರಿನಲ್ಲಿ ನಡೆದ ಪಂದ್ಯಗಳಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರನು ಗಾಳಿಯ ಟೈರಿನ ಸೈಕಲ್ಲನ್ನೇರಿ ಗಟ್ಟಿ ರಬ್ಬರಿನ ಗಾಲಿಗಳವರನ್ನು ಹಿಂದೆ ಹಾಕಿದಾಗ ಜನ ಕಣ್ಣು ತೆರೆದರು. 1891ರಲ್ಲಿ ಫ್ರಾನ್ಸಿನ ಮಿಶೆಲಿನ್ ಸೋದರರು ಬಿಚ್ಚಿ ತೊಡಿಸಬಹುದಾದ ಟೈರನ್ನು ತಂದುದರಿಂದ ಪಂಕ್ಚರ್ ತಿದ್ದುವುದು ಸುಲಭವಾಯಿತು. ಡನ್‌ಲಪ್‌ನದು ಮೂಲತಃ ವೇಗದ ಬಯಕೆಯಾಗಿರಲಿಲ್ಲ, ಕಲ್ಲುಹಾಸಿನ ಬೀದಿಯಲ್ಲಿ ಮಗನ ಮೈ ಅದುರದಿರಲಿ ಎಂಬ ತಂದೆಯ ಬಯಕೆಯಾಗಿತ್ತು. ಮೆತ್ತಗಿರಲಿ ಎಂದು ಮಾಡಿದುದೇ ವೇಗವಾಗಿಯೂ ಓಡಿತು. ಈ ಮಾತನ್ನು ಓಟದ ಸೈಕಲ್ಲಿನವರೇ ಅನಂತರ ನೂರು ವರ್ಷ ಮರೆತರೆಂದು ಹೇಳಬೇಕು.

ಮರೆಯಲು ಕಾರಣವಿಲ್ಲದೆ ಇಲ್ಲ. ಪ್ರಯೋಗಶಾಲೆಯಲ್ಲಿ ಟೈರನ್ನು ನುಣುಪಾದ ಉಕ್ಕಿನ ಉರುಳೆಯ ಮೇಲೆ ಓಡಿಸಿ ಅದರ ಎಳೆತವನ್ನು ಅಳೆಯುವ ಪದ್ಧತಿಯಿದೆ. ಟೈರು ಉರುಳುವಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿ, ಮೇಲೆದ್ದಾಗ ಮತ್ತೆ ದುಂಡಾಗುತ್ತದೆ. ಹೀಗೆ ಬಾಗಿ ನೇರವಾಗುವಾಗಲೆಲ್ಲ ರಬ್ಬರು ಸ್ವಲ್ಪ ಶಕ್ತಿಯನ್ನು ಶಾಖವನ್ನಾಗಿ ಕಳೆಯುತ್ತದೆ. ಗಾಳಿ ಹೆಚ್ಚಿದಷ್ಟೂ ಬಾಗುವುದು ಕಡಿಮೆ, ನಷ್ಟವೂ ಕಡಿಮೆ. ಉರುಳೆಯ ಮೇಲೆ ಈ ಲೆಕ್ಕ ನಿಜವೇ. ಆದರೆ ಉರುಳೆಯ ಮೇಲೆ ಸವಾರನಿರುವುದಿಲ್ಲ, ರಸ್ತೆಯ ಜಲ್ಲಿಯೂ ಇರುವುದಿಲ್ಲ. ನಿಜವಾದ ರಸ್ತೆಯಲ್ಲಿ ಟೈರು ನುಂಗದ ಏರುತಗ್ಗನ್ನು ಸವಾರನ ಮೈ ನುಂಗಬೇಕು. ಅಂಗೈ, ತೋಳು, ತೊಡೆ, ಸೊಂಟಗಳ ಮಾಂಸಖಂಡಗಳಲ್ಲಿ ಅದುರಾಗಿ ಕರಗಿಹೋಗುವ ಶಕ್ತಿಯನ್ನು ಕೊಟ್ಟವನು ಪೆಡಲು ತುಳಿಯುವ ಅದೇ ಸವಾರನು. ಕಳೆದ ಇಪ್ಪತ್ತು ವರ್ಷಗಳಲ್ಲಿ ರಸ್ತೆಯ ಮೇಲೆಯೇ ಅಳೆದು ನೋಡಿದವರು ಕಂಡುಕೊಂಡದ್ದು ಇದು: ಗಾಳಿಯನ್ನು ಹೆಚ್ಚಿಸುತ್ತ ಹೋದರೆ ಒಂದು ಮಿತಿಯವರೆಗೆ ಎಳೆತ ಕಡಿಮೆಯಾಗುತ್ತದೆ; ಮಿತಿ ದಾಟಿದ ಮೇಲೆ ಮತ್ತೆ ಹೆಚ್ಚುತ್ತದೆ. ರಸ್ತೆ ಒರಟಾದಷ್ಟೂ ಈ ಮಿತಿ ಬೇಗನೆ ಬರುತ್ತದೆ. ಆದಕಾರಣ ಒಂದು ಕಾಲಕ್ಕೆ 23 ಮಿಲಿಮೀಟರಿನ ಟೈರಿಗೆ 110, 120 ಪೌಂಡು ತುಂಬುತ್ತಿದ್ದ ಯುರೋಪಿನ ಪಂದ್ಯಗಾರರು ಈಗ 28 ಮಿಲಿಮೀಟರಿನ, ಅದಕ್ಕೂ ಅಗಲವಾದ ಟೈರುಗಳಿಗೆ 70ರ ಆಸುಪಾಸಿನಲ್ಲಿ ಗಾಳಿ ತುಂಬಿ ಹಿಂದಿಗಿಂತ ವೇಗವಾಗಿ ಓಡುತ್ತಿದ್ದಾರೆ.

ಇದನ್ನು ತಿಳಿಯುವ ಮೊದಲು ನಾನು ಉರುಳೆಯ ಲೆಕ್ಕವನ್ನೇ ಪಾಠ ಹೇಳುತ್ತಿದ್ದೆ. "ಗಾಳಿ ಗಟ್ಟಿಯಾದಷ್ಟೂ ಗಾಲಿ ಹಗುರ" ಎಂಬುದು ನನ್ನ ಮಾತಾಗಿತ್ತು. ಉತ್ಸಾಹಿಯಾದ ವಿದ್ಯಾರ್ಥಿಯೊಬ್ಬನು ಬಂಧುಗಳಿಂದ ಎರವಲು ತಂದ ಓಟದ ಸೈಕಲ್ಲಿನಲ್ಲಿ ಅಭ್ಯಾಸಕ್ಕೆ ತೊಡಗಿದ್ದನು. ನನ್ನ ಮಾತನ್ನು ನಂಬಿ ಟೈರನ್ನು ಕಲ್ಲಿನಂತಾಗುವವರೆಗೆ ತುಂಬಿಸಿದನು. ಸುಗ್ಗಿಯ ದಿನಗಳು, ನಮ್ಮ ಕಡೆಯ ರೂಢಿಯಂತೆ ಡಾಂಬರಿನ ರಸ್ತೆಯ ಅರ್ಧಭಾಗಕ್ಕೆ ಮೆಕ್ಕೆಜೋಳವನ್ನು ಒಣಹಾಕಿದ್ದರು. ತಿರುವಿನಲ್ಲಿ ಅಂಚಿನ ಕಾಳು ಗಾಲಿಗೆ ಸಿಕ್ಕಿತು. ಗಟ್ಟಿ ಟೈರು ಕಾಳನ್ನು ನುಂಗದೆ ಅದರ ಮೇಲೆ ಉರುಳಿತು. ಬಿದ್ದ ಹುಡುಗನ ಕೊರಳೆಲುಬು ಮುರಿದು ಎರಡು ತಿಂಗಳು ಕೈ ಕಟ್ಟಿಕೊಂಡು ಶಾಲೆಗೆ ಬಂದನು. ಗಾಳಿ ಹದವಾಗಿದ್ದರೂ ಬೀಳುತ್ತಿರಲಿಲ್ಲವೆಂದು ಯಾರೂ ಪ್ರಮಾಣ ಮಾಡಲಾರರು. ಕಾಳಿನ ಮೇಲೆ ಯಾವ ಟೈರೂ ಭದ್ರವಲ್ಲ. ಆದರೆ ಆ ದಿನ ಅವನ ಪಾಲಿಗಿದ್ದ ಒಂದು ಬೆರಳಿನ ಹಿಡಿತವನ್ನು ಅರ್ಧ ಬೆರಳಿಗೆ ಇಳಿಸಿದವನು ನಾನು. ಅವನು ಒಮ್ಮೆಯೂ ನನ್ನನ್ನು ದೂರಲಿಲ್ಲ. ಅದೇ ನನ್ನನ್ನು ಈ ವಿಷಯದ ಅಧ್ಯಯನಕ್ಕೆ ಹಚ್ಚಿತು.

ಹಾಗಾದರೆ ಹದವೆಂದರೆ ಎಷ್ಟು? ಎಲ್ಲರಿಗೂ ಒಪ್ಪುವ ಒಂದು ಅಂಕಿಯಿಲ್ಲ. ಸವಾರನ ತೂಕ, ಟೈರಿನ ಅಗಲ, ರಸ್ತೆಯ ಗುಣ ಈ ಮೂರೂ ಸೇರಿ ಅದನ್ನು ನಿರ್ಧರಿಸುತ್ತವೆ. ಇವುಗಳಲ್ಲಿ ಅಗಲಕ್ಕೆ ಹೆಚ್ಚಿನ ಪ್ರಾಮುಖ್ಯವಿದೆಯೆಂಬುದು ನನ್ನ ಅನುಭವ. ಸೈಕಲ್ಲೂ ಸೇರಿ 70 ಕಿಲೋಗ್ರಾಂ ತೂಗುವ ಸವಾರನು 25 ಮಿಲಿಮೀಟರಿನ ಟೈರಿಗೆ ಹಿಂದೆ 80, ಮುಂದೆ 70 ಪೌಂಡಿನಿಂದ ಆರಂಭಿಸಬಹುದು. ಅದೇ ಸವಾರನಿಗೆ 28 ಮಿಲಿಮೀಟರಾದರೆ ಹಿಂದೆ 70, ಮುಂದೆ 60. 32 ಮಿಲಿಮೀಟರಾದರೆ ಹಿಂದೆ 55, ಮುಂದೆ 48ರ ಸುಮಾರು. ನಮ್ಮ ಹೆಚ್ಚಿನ ಮಕ್ಕಳು ತುಳಿಯುವ, ಸುಮಾರು 40 ಮಿಲಿಮೀಟರ್ ಅಗಲದ ಟೈರಿನ ಸಾಮಾನ್ಯ ಸೈಕಲ್ಲಿಗೆ ಹಿಂದೆ 45, ಮುಂದೆ 35 ಪೌಂಡು ಸಾಕಾಗುತ್ತದೆ. ಸವಾರನ ತೂಕ ಹತ್ತು ಕಿಲೋಗ್ರಾಂ ಹೆಚ್ಚಿದ್ದರೆ ಓಟದ ಸೈಕಲ್ಲಿಗೆ ಏಳೆಂಟು ಪೌಂಡನ್ನು ಕೂಡಿಸಿ, ಕಡಿಮೆಯಿದ್ದರೆ ಅಷ್ಟನ್ನೇ ಕಳೆಯಬೇಕು. ಇವು ಆರಂಭದ ಅಂಕಿಗಳು ಮಾತ್ರ. ಇಲ್ಲಿಂದ ಮೂರು ನಾಲ್ಕು ಪೌಂಡು ಅತ್ತಿತ್ತ ಸರಿಸಿ ತನ್ನ ಮೈಗೂ ತನ್ನ ರಸ್ತೆಗೂ ಒಪ್ಪುವುದನ್ನು ಸವಾರನೇ ಕಂಡುಕೊಳ್ಳಬೇಕು. ಯಾವ ಕಾರಣಕ್ಕೂ ಟೈರಿನ ಮೇಲೆ ಮುದ್ರಿಸಿದ ಗರಿಷ್ಠವನ್ನು ದಾಟಬಾರದು. ಟ್ಯೂಬಿಲ್ಲದ ಟೈರುಗಳಿಗಾಗಿ ಈಚೆಗೆ ಬಂದಿರುವ, ಒಳ ಅಂಚಿನಲ್ಲಿ ಕೊಕ್ಕೆಯಿಲ್ಲದ ರಿಮ್ಮುಗಳಿಗಂತೂ 72 ಪೌಂಡಿಗಿಂತ ಮೇಲೆ ಹೋಗುವುದು ಅಪಾಯ. ಟೈರಿನ ಮೇಲೆ ಹೆಚ್ಚಿನ ಅಂಕಿಯಿದ್ದರೂ ರಿಮ್ಮಿನ ಮಿತಿಯೇ ಮಿತಿ.

ಹೊಸಪೇಟೆಯೊಂದನ್ನು ಬಿಟ್ಟರೆ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯೆಂದರೆ ನಮ್ಮ ಐದು ತಾಲ್ಲೂಕುಗಳೇ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಇಲ್ಲಿ ಒಂದೇ ದಿನದ ಸವಾರಿಯಲ್ಲಿ ಮೂರು ನಾಲ್ಕು ಬಗೆಯ ನೆಲ ಎದುರಾಗುತ್ತದೆ. ಕೂಡ್ಲಿಗಿಯ ಮೂಲಕ ಹಾಯುವ 50ನೆಯ ರಾಷ್ಟ್ರೀಯ ಹೆದ್ದಾರಿಯ ನುಣುಪು ಒಂದು ಬಗೆ. ಹೆದ್ದಾರಿಯನ್ನು ಬಿಟ್ಟು ಊರಿನ ಕಡೆ ತಿರುಗಿದ ಕೂಡಲೆ ಡಾಂಬರು ಸವೆದು ಜಲ್ಲಿ ಹಲ್ಲು ತೋರಿಸುವ ರಸ್ತೆ ಇನ್ನೊಂದು ಬಗೆ. ಮಸಾರಿ ನೆಲದ ಹಾದಿಯಲ್ಲಿ ಸಡಿಲ ಮರಳು. ಹಡಗಲಿ, ಹರಪನಹಳ್ಳಿಗಳ ಕಡೆಯ ಎರೆಭೂಮಿಯ ಊರುಗಳಲ್ಲಿ ಮಳೆ ಬಿದ್ದರೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಹಿಟ್ಟಿನಂತೆ ಮೆತ್ತಿಕೊಳ್ಳುವ ಜಿಗುಟು ಮಣ್ಣು. ಹೆದ್ದಾರಿಗೆಂದು ತುಂಬಿದ ಗಾಳಿಯನ್ನು ಜಲ್ಲಿಯ ರಸ್ತೆಯಲ್ಲಿಯೂ ಇಟ್ಟುಕೊಂಡರೆ ಅಂಗೈ ಜೋಮು ಹಿಡಿಯುತ್ತದೆ. ಆದುದರಿಂದ ದಾರಿಯ ಅತಿ ಒರಟಾದ ಭಾಗವನ್ನು ನೋಡಿ ಗಾಳಿಯನ್ನು ನಿರ್ಧರಿಸುವುದು ಲೇಸು. ನುಣುಪು ರಸ್ತೆಯಲ್ಲಿ ಅದರಿಂದಾಗುವ ನಷ್ಟ ಅತ್ಯಲ್ಪ. ಮಳೆಗಾಲದಲ್ಲಿ ನಾಲ್ಕೈದು ಪೌಂಡು ಇಳಿಸಿದರೆ ಹಿಡಿತವೂ ಹೆಚ್ಚುತ್ತದೆ.

ಇಷ್ಟೆಲ್ಲ ಓದಿದ ಮೇಲೆ ಗಾಳಿ ಕಡಿಮೆಯಿದ್ದಷ್ಟೂ ಒಳ್ಳೆಯದೆಂದು ಭಾವಿಸುವವರೂ ಇರುತ್ತಾರೆ. ಅದು ಇನ್ನೂ ದೊಡ್ಡ ತಪ್ಪು. ನಮ್ಮ ಶಾಲೆಯ ಸೈಕಲ್ಲುಗಳನ್ನು ನಿಲ್ಲಿಸುವ ಜಾಗದಲ್ಲಿ ಬೆಳಿಗ್ಗೆ ಒಂದು ಸುತ್ತು ಹಾಕಿದರೆ ಅತಿಯಾಗಿ ಗಾಳಿ ತುಂಬಿದ ಸೈಕಲ್ಲು ಒಂದೆರಡು ಸಿಗಬಹುದು. ಅರ್ಧ ಗಾಳಿಯವು ಹತ್ತಾರು. ಸರ್ಕಾರವು 2006-07ರಲ್ಲಿ ಆರಂಭಿಸಿದ ಉಚಿತ ಸೈಕಲ್ಲಿನ ಯೋಜನೆಯಿಂದ ಎಂಟನೆಯ ತರಗತಿಯ ಎಷ್ಟೋ ಮಕ್ಕಳಿಗೆ, ಅದರಲ್ಲಿಯೂ ಬಸ್ಸಿಲ್ಲದ ಊರುಗಳ ಹೆಣ್ಣುಮಕ್ಕಳಿಗೆ, ಪ್ರೌಢಶಾಲೆಯ ದಾರಿ ತೆರೆಯಿತು. ಆ ಸೈಕಲ್ಲುಗಳನ್ನು ಮೂಲೆಗೆ ಸೇರಿಸಿದುದು ಬಹುಮಟ್ಟಿಗೆ ಚೈನೂ ಅಲ್ಲ, ಬ್ರೇಕೂ ಅಲ್ಲ. ತಿಂಗಳುಗಟ್ಟಲೆ ಗಾಳಿ ಕಾಣದ ಟೈರು. ಗಾಳಿ ಕಡಿಮೆಯಾದಾಗ ಟೈರಿನ ಪಕ್ಕೆಗಳು ಪ್ರತಿ ಸುತ್ತಿಗೂ ಮಡಿಕೆ ಬಿದ್ದು ನೇಯ್ಗೆ ಬಿರಿಯುತ್ತದೆ. ಗಾಲಿ ಕಲ್ಲನ್ನು ಹಾಯ್ದಾಗ ಟ್ಯೂಬು ಕಲ್ಲಿಗೂ ರಿಮ್ಮಿನ ಅಂಚಿಗೂ ನಡುವೆ ಸಿಕ್ಕಿ, ಹಾವು ಕಡಿದ ಗುರುತಿನಂತೆ ಜೋಡಿ ತೂತು ಬೀಳುತ್ತದೆ. ಪಂಕ್ಚರ್ ತಿದ್ದಿಸುವಾಗ ತೂತು ಒಂದೇ ಇದ್ದರೆ ಮುಳ್ಳನ್ನು ಹುಡುಕಬೇಕು. ಅಕ್ಕಪಕ್ಕದಲ್ಲಿ ಎರಡಿದ್ದರೆ ಮುಳ್ಳಲ್ಲ, ಗಾಳಿಯ ಕೊರತೆಯೆಂದು ತಿಳಿಯಬೇಕು. ಅನಂತರ ರಿಮ್ಮು ಡೊಂಕಾಗುತ್ತದೆ, ಕಡ್ಡಿಗಳು ಮುರಿಯುತ್ತವೆ. ಒಂದು ರಿಮ್ಮಿನ ಬೆಲೆಯು ಕೂಲಿಯಿಂದ ಬದುಕುವ ಮನೆಗೆ ಸಣ್ಣದಲ್ಲ. ಸೈಕಲ್ಲು ಮೂಲೆ ಸೇರಿದರೆ ಅದರ ಹಿಂದೆಯೇ ಆ ಹುಡುಗಿಯ ಶಾಲೆಯೂ ಮೂಲೆ ಸೇರಿದ ನಿದರ್ಶನಗಳನ್ನು ಹಾಜರಿ ಪುಸ್ತಕದಲ್ಲಿ ನಾನು ಕಂಡಿದ್ದೇನೆ.

ಕ್ಯಾರಿಯರಿನ ಮೇಲೆ ಗೆಳತಿಯನ್ನು ಕೂರಿಸಿಕೊಂಡು ಬರುವವರಿಗೂ ಒಂದು ಮಾತು. 40 ಕಿಲೋಗ್ರಾಂ ತೂಗುವ ಗೆಳತಿಯ ಭಾರವು ಎರಡೂ ಗಾಲಿಗಳಿಗೆ ಹಂಚಿಹೋಗುವುದಿಲ್ಲ. ಹೆಚ್ಚುಕಡಿಮೆ ಎಲ್ಲವೂ ಹಿಂದಿನ ಗಾಲಿಯ ಮೇಲೆಯೇ. ಅಲ್ಲಿಗೆ ಆ ಗಾಲಿಯ ಭಾರ ಇಮ್ಮಡಿಯಾಯಿತು. ಮುಂದಿನದನ್ನು ಹಾಗೆಯೇ ಬಿಟ್ಟು ಹಿಂದಿನದಕ್ಕೆ ಟೈರಿನ ಮೇಲೆ ಬರೆದ ಮಿತಿಯವರೆಗೆ ಗಾಳಿ ತುಂಬಿಸಿಕೊಳ್ಳುವುದೊಂದೇ ದಾರಿ. ಹಾಲಿನ ಕ್ಯಾನುಗಳನ್ನೂ ನೀರಿನ ಕೊಡಗಳನ್ನೂ ಹೇರುವವರು ಇದನ್ನು ಯಾರ ಪಾಠವಿಲ್ಲದೆಯೂ ಬಲ್ಲರು.

ಒತ್ತಡವನ್ನು ಅಳೆಯುವ ಮಾಪಕವಿಲ್ಲದೆ ಇದನ್ನೆಲ್ಲ ಹೇಗೆ ತಿಳಿಯುವುದು? ಹೆಬ್ಬೆರಳಿನಿಂದ ಒತ್ತಿ ನೋಡುವುದು ರೂಢಿ. ದಪ್ಪ ಟೈರಿನಲ್ಲಿ ಅದು ತಕ್ಕಮಟ್ಟಿಗೆ ನಡೆಯುತ್ತದೆ. ತೆಳ್ಳನೆಯ ಟೈರಿನಲ್ಲಿ 60 ಪೌಂಡೂ 100 ಪೌಂಡೂ ಹೆಬ್ಬೆರಳಿಗೆ ಒಂದೇ. ಪ್ರಶ್ನೆ ಕೇಳಿದ ಹುಡುಗನ ತರಗತಿಯವರು ಮೈದಾನದಲ್ಲಿ ಎರಡು ಪ್ರಯೋಗಗಳನ್ನು ಮಾಡಿದರು. ಯಾವ ಶಾಲೆಯವರಾದರೂ ಇವನ್ನು ಮಾಡಬಹುದು.

ಮೊದಲನೆಯದಕ್ಕೆ ಬೇಕಾದುದು ಗ್ರಾಫ್ ಕಾಗದ ಮತ್ತು ಚೀಲ ತೂಗುವ ತಕ್ಕಡಿ. ಸೈಕಲ್ಲಿನ ಹಿಂದಿನ ಗಾಲಿಯನ್ನು ತಕ್ಕಡಿಯ ಹಲಗೆಯ ಮೇಲೂ ಮುಂದಿನ ಗಾಲಿಯನ್ನು ಅಷ್ಟೇ ಎತ್ತರದ ಇಟ್ಟಿಗೆಗಳ ಮೇಲೂ ನಿಲ್ಲಿಸಿ, ಸವಾರನನ್ನು ಕೂರಿಸಿ, ಇಬ್ಬರು ಎರಡು ಪಕ್ಕದಲ್ಲಿ ಬೀಳದಂತೆ ಬೆರಳು ಮಾತ್ರ ತಾಗಿಸಿ ಹಿಡಿಯಬೇಕು. ಹಿಂದಿನ ಗಾಲಿಯ ಭಾರ ತಿಳಿಯಿತು. ಬಳಿಕ ಟೈರಿನ ಕೆಳಭಾಗಕ್ಕೆ ಶಾಯಿಯನ್ನೋ ನೀರಿನಲ್ಲಿ ಕಲಸಿದ ಕೆಮ್ಮಣ್ಣನ್ನೋ ಬಳಿದು, ಗಟ್ಟಿ ನೆಲದ ಮೇಲೆ ಹಾಸಿದ ಗ್ರಾಫ್ ಕಾಗದದ ಮೇಲೆ ಗಾಲಿಯನ್ನು ಮೆಲ್ಲಗೆ ಇಳಿಸಿ, ಸವಾರನನ್ನು ಕೂರಿಸಿ ಎಬ್ಬಿಸಬೇಕು. ಗಾಲಿ ಉರುಳಬಾರದು. ಮೂಡಿದ ಮುದ್ರೆಯ ಹೊರಗೆರೆಯೊಳಗಿನ ಚೌಕಗಳನ್ನೆಣಿಸಿ. ಟೈರಿನ ಹೂವುಗೆರೆಗಳ ನಡುವಿನ ಬಿಳಿಯ ಭಾಗವನ್ನೂ ಲೆಕ್ಕಕ್ಕೆ ಸೇರಿಸಬೇಕು. ಭಾರವನ್ನು ಕ್ಷೇತ್ರಫಲದಿಂದ ಭಾಗಿಸಿದರೆ ಒಳಗಿನ ಒತ್ತಡವು ಕೈಗೆ ಬಂದಂತೆ! ಟೈರಿನ ಪಕ್ಕೆಗಳ ಬಿರುಸು ಭಾರದಲ್ಲಿ ಅಲ್ಪಪಾಲನ್ನು ತಾನೇ ಹೊರುವುದರಿಂದ ಈ ಉತ್ತರವು ನಿಜವಾದ ಒತ್ತಡಕ್ಕಿಂತ ಸ್ವಲ್ಪ ಹೆಚ್ಚಾಗಿ ಬರುತ್ತದೆ. ದಪ್ಪ ರಬ್ಬರಿನ ಹಳೆಯ ಟೈರಿನಲ್ಲಿ ಈ ವ್ಯತ್ಯಾಸ ಹೆಚ್ಚು. ಪಠ್ಯಪುಸ್ತಕದ ಒಂದು ಸೂತ್ರವು ತಮ್ಮ ಸೈಕಲ್ಲಿನ ಕೆಳಗೇ ಅಚ್ಚಾಗಿರುವುದನ್ನು ಕಂಡ ಮಕ್ಕಳ ಮುಖವನ್ನು ನೋಡಬೇಕಿತ್ತು.

ಎರಡನೆಯ ಪ್ರಯೋಗ ಇನ್ನೂ ಸುಲಭ. ಖಾಲಿ ಸೈಕಲ್ಲಿನ ರಿಮ್ಮಿನ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೆಂದು ಅಳತೆಪಟ್ಟಿಯಿಂದ ನೋಡಿ, ಸವಾರನು ಕುಳಿತ ಮೇಲೆ ಮತ್ತೆ ಅಳೆಯಬೇಕು. ಟೈರಿನ ಎತ್ತರದಲ್ಲಿ ನೂರಕ್ಕೆ 15 ಪಾಲು ತಗ್ಗಿದ್ದರೆ ಹದವೆಂಬುದು ಅಮೆರಿಕದ ಫ್ರಾಂಕ್ ಬರ್ಟೋ ಎಂಬ ಸೈಕಲ್ ತಜ್ಞನ ಅಳತೆಗಳಿಂದ ಬಳಕೆಗೆ ಬಂದ ನಿಯಮ. 28 ಮಿಲಿಮೀಟರಿನ ಟೈರಾದರೆ 4 ಮಿಲಿಮೀಟರು, 40 ಮಿಲಿಮೀಟರಿನದಾದರೆ 6. ಇದಕ್ಕಿಂತ ಬಹಳ ಕಡಿಮೆ ತಗ್ಗಿದರೆ ಗಾಳಿ ಹೆಚ್ಚಾಗಿದೆ. ಬಹಳ ಹೆಚ್ಚು ತಗ್ಗಿದರೆ ಗಾಳಿ ಸಾಲದು. ನಮ್ಮ ಹುಡುಗನ ಅಣ್ಣನ ಸೈಕಲ್ಲು ಎರಡು ಮಿಲಿಮೀಟರು ಕೂಡ ತಗ್ಗಲಿಲ್ಲ!

ಗಾಳಿ ಹಾಕಿಸುವಾಗಿನ ಎಚ್ಚರವನ್ನೂ ಇಲ್ಲಿ ಹೇಳಬೇಕು. ರಸ್ತೆಬದಿಯ ಅಂಗಡಿಗಳಲ್ಲಿ ಈಗ ಕೈಪಂಪಿನ ಬದಲು ಕಂಪ್ರೆಸರು ಬಂದಿದೆ. ಅದು ಲಾರಿ, ಟ್ರ್ಯಾಕ್ಟರುಗಳಿಗೆ ಹೊಂದಿಸಿದ ಯಂತ್ರ. ಕಾರಿನ ಟೈರಿನೊಳಗೆ ಮೂವತ್ತು ಲೀಟರಿನಷ್ಟು ಜಾಗವಿದ್ದರೆ, 28 ಮಿಲಿಮೀಟರಿನ ಸೈಕಲ್ ಟೈರಿನೊಳಗೆ ಇರುವುದು ಒಂದೂಕಾಲು ಲೀಟರಿಗೂ ಕಡಿಮೆ. ಕಾರಿಗೆ ಹಾಕುವವರ ಕೈ ಸೈಕಲ್ಲಿಗೆ ಒಂದು ಕ್ಷಣ ಹೆಚ್ಚು ನಿಂತರೆ ಟೈರು ರಿಮ್ಮನ್ನು ಬಿಟ್ಟು ಹಾರುತ್ತದೆ. ಓಟದ ಸೈಕಲ್ಲುಗಳ ಕಡ್ಡಿಯಂಥ ತೆಳ್ಳನೆಯ ಪ್ರೆಸ್ಟಾ ವಾಲ್ವಿಗೆ ಆ ನಳಿಗೆ ಕೂರುವುದೂ ಇಲ್ಲ. ನಡುವೆ ತೊಡಿಸುವ ಹಿತ್ತಾಳೆಯ ಪುಟ್ಟ ಟೊಪ್ಪಿಗೆಯೊಂದನ್ನು ಜೇಬಿನಲ್ಲಿಟ್ಟುಕೊಂಡಿರಬೇಕು. ಇದಕ್ಕಿಂತ ಮಾಪಕವಿರುವ ನಿಲುಪಂಪೊಂದನ್ನು ಊರಿನ ನಾಲ್ಕು ಜನ ಕೂಡಿ ಕೊಳ್ಳುವುದು ಮೇಲು. ಒಂದೂಕಾಲು ಲೀಟರ್ ಜಾಗಕ್ಕೆ 70 ಪೌಂಡು ತುಂಬಲು ಹೊರಗಿನ ಗಾಳಿ ಸುಮಾರು 6 ಲೀಟರು ಬೇಕು. ಒಂದು ಒತ್ತಿಗೆ ಲೀಟರಿನ ಮೂರನೆಯ ಒಂದು ಪಾಲು ನೂಕುವ ಪಂಪಾದರೆ ಇಪ್ಪತ್ತು ಒತ್ತು. ಪಂಪು ಬಿಸಿಯಾಗುವುದೇಕೆಂದು ಕೇಳುವ ಮಕ್ಕಳಿಗೆ, ಅದುಮಿದ ಗಾಳಿಯ ಶಾಖ ಅದೆಂದು ಅಲ್ಲಿಯೇ ತೋರಿಸಿಕೊಡಬಹುದು.

ಸಾಮಾನ್ಯ ಸೈಕಲ್ಲಿನ ವಾಲ್ವಿನ ಒಳಗೆ ಪುಟ್ಟ ರಬ್ಬರಿನ ನಳಿಗೆಯೊಂದಿರುತ್ತದೆ. ಹುಡುಗರು ವಾಲ್‌ಟ್ಯೂಬೆನ್ನುವುದು ಅದನ್ನೇ. ಒಳಗೆ ಹೋಗುವ ಗಾಳಿ ಮೊದಲು ಅದನ್ನು ಹಿಗ್ಗಿಸಿ ದಾರಿ ಮಾಡಿಕೊಳ್ಳಬೇಕಾದುದರಿಂದ ಪಂಪಿನ ಮಾಪಕವು ಟೈರಿನೊಳಗಿರುವುದಕ್ಕಿಂತ ಹೆಚ್ಚಿನ ಅಂಕಿಯನ್ನು ತೋರಿಸುತ್ತದೆ. ಅಂಥ ಸೈಕಲ್ಲಿಗೆ ಅಳತೆಪಟ್ಟಿಯ ಪ್ರಯೋಗವೇ ನಂಬಿಕೆಗೆ ಯೋಗ್ಯ. ನಳಿಗೆ ಬಿರುಕು ಬಿಟ್ಟಿದ್ದರೆ ಗಾಳಿ ರಾತ್ರಿಯಿಡೀ ಸೋರುತ್ತದೆ. ಉಗುಳು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವ ಹಳೆಯ ಉಪಾಯವನ್ನು ನಾನು ಈಗಲೂ ಬಿಟ್ಟಿಲ್ಲ.

ನಮ್ಮ ಬಿಸಿಲಿನಲ್ಲಿ ಟೈರು ತಾನಾಗಿ ಒಡೆಯುತ್ತದೆಂಬ ಭಯದಿಂದ ಬೇಸಿಗೆಯಲ್ಲಿ ಗಾಳಿಯನ್ನು ಅರ್ಧಕ್ಕಿಳಿಸುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಬೆಳಿಗ್ಗೆ 25 ಡಿಗ್ರಿಯಲ್ಲಿ 70 ಪೌಂಡು ತುಂಬಿದ ಟೈರು, ಮಧ್ಯಾಹ್ನ ಬಿಸಿಲಿನಲ್ಲಿ ನಿಂತು 55 ಡಿಗ್ರಿಗೆ ಕಾಯ್ದಿತೆಂದು ಭಾವಿಸಿ. ಹೊರಗಿನ ವಾಯುಭಾರವನ್ನೂ ಸೇರಿಸಿ, ನಿರಪೇಕ್ಷ ಉಷ್ಣತೆಯ ನಿಯಮದಂತೆ ಲೆಕ್ಕ ಮಾಡಿದರೆ ಒತ್ತಡವು ಏರುವುದು 8 ಪೌಂಡಿನ ಆಸುಪಾಸು. ಒಳ್ಳೆಯ ಟೈರಿಗೆ ಇದೇನೂ ದೊಡ್ಡದಲ್ಲ. ಬಿಸಿಲಿನಲ್ಲಿ ಒಡೆದ ಟೈರನ್ನು ಕೈಯಲ್ಲಿ ಹಿಡಿದು ನೋಡಿದರೆ ಪಕ್ಕೆಯಲ್ಲಿ ಹಳೆಯ ಬಿರುಕೋ, ಅಂಚು ಸರಿಯಾಗಿ ಕೂರದ ಗುರುತೋ, ಮಿತಿಮೀರಿ ತುಂಬಿದ ಕಥೆಯೋ ಸಾಮಾನ್ಯವಾಗಿ ಕಾಣುತ್ತದೆ. ಗರಿಷ್ಠ ಮಿತಿಯ ಅಂಚಿನವರೆಗೆ ತುಂಬಿಸಿ ಬಿಸಿಲಿಗೆ ನಿಲ್ಲಿಸುವವರು ಮಾತ್ರ ಈ 8 ಪೌಂಡನ್ನು ನೆನಪಿನಲ್ಲಿಡಬೇಕು. ಹೇಗೂ ಬೇವಿನ ಮರದ ನೆರಳಿದ್ದಲ್ಲಿ ಸೈಕಲ್ಲನ್ನು ಬಿಸಿಲಿಗೆ ನಿಲ್ಲಿಸುವ ಅಗತ್ಯವೇನಿದೆ?

ಉಳಿದುದು ಮುಳ್ಳು. ಹೊರದೇಶದಿಂದ ಬಂದು ನಮ್ಮ ನೆರೆಯ ಊರಿನ ಹೆಸರನ್ನೇ ಹೊತ್ತು ಮೆರೆಯುತ್ತಿರುವ ಬಳ್ಳಾರಿ ಜಾಲಿಯ ಮುಳ್ಳಿಗೆ ಯಾವ ಟೈರೂ ಅಡ್ಡಿಯಲ್ಲ. ರಸ್ತೆಯಂಚಿನಲ್ಲಿ ಅದರ ಕೊಂಬೆಗಳನ್ನು ಕಡಿದು ಬಿಸುಟ ದಿನ ನಡುರಸ್ತೆಯಲ್ಲಿ ಹೋಗುವುದೊಂದೇ ಉಪಾಯ. ನೆಲದ ಮೇಲೆ ಹಬ್ಬುವ ನೆಗ್ಗಿಲ ಮುಳ್ಳಿನ ಸಂಗತಿ ಬೇರೆ. ಅಮೆರಿಕದಲ್ಲಿ ಇದೇ ಗಿಡವನ್ನು ಪಂಕ್ಚರಿನ ಬಳ್ಳಿಯೆಂದೇ ಕರೆಯುತ್ತಾರೆ! ಬಿಗಿದ ಟೈರಿಗೆ ಈ ಮುಳ್ಳು ಒಮ್ಮೆಲೆ ನಾಟಿಕೊಳ್ಳುತ್ತದೆ. ಹದವಾದ ಟೈರಿನಲ್ಲಿ ರಬ್ಬರು ತಗ್ಗುವುದರಿಂದ ಕೆಲವೊಮ್ಮೆ ಒಳಗೆ ಇಳಿಯದೆ ಹಾಗೆಯೇ ಅಂಟಿಕೊಂಡಿರುತ್ತದೆ. ಕಾಲುದಾರಿಯಿಂದ ರಸ್ತೆಗೆ ಬಂದೊಡನೆ ಇಳಿದು, ಗಾಲಿಯನ್ನು ಒಂದು ಸುತ್ತು ತಿರುಗಿಸಿ, ಹಳೆಯ ಬಟ್ಟೆಯಿಂದ ಟೈರನ್ನು ಒರಸಿಕೊಂಡರೆ ಅವು ಉದುರಿಹೋಗುತ್ತವೆ. ಉದುರದಿದ್ದವು ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ಒಳಗಿಳಿದು, ಶಾಲೆಯನ್ನು ಮುಟ್ಟುವಷ್ಟರಲ್ಲಿ ಟ್ಯೂಬನ್ನು ಮುಟ್ಟಿರುತ್ತವೆ.

ಏನೂ ಚುಚ್ಚದಿದ್ದರೂ ಟ್ಯೂಬಿನ ರಬ್ಬರಿನ ಮೂಲಕವೇ ಗಾಳಿ ವಾರಕ್ಕೆ ಕೆಲವು ಪೌಂಡುಗಳಷ್ಟು ಸೋರುತ್ತಿರುತ್ತದೆ. ತೆಳ್ಳನೆಯ ಟೈರಿನಲ್ಲಿ ಇರುವ ಗಾಳಿಯೇ ಸ್ವಲ್ಪವಾದುದರಿಂದ ಅದು ಬೇಗ ಮೆತ್ತಗಾಗುತ್ತದೆ. ಓಟದ ಸೈಕಲ್ಲಿನವರು ಎರಡು ಮೂರು ದಿನಕ್ಕೊಮ್ಮೆ, ಸಾಮಾನ್ಯ ಸೈಕಲ್ಲಿನವರು ವಾರಕ್ಕೊಮ್ಮೆ ನೋಡಿಕೊಳ್ಳಬೇಕು. ನಮ್ಮ ಒಂಬತ್ತನೆಯ ತರಗತಿಯವರು ಇದಕ್ಕೆ ಶನಿವಾರದ ಬೆಳಗಿನ ಶಾಲೆ ಬಿಟ್ಟ ಮೇಲಿನ ಅರ್ಧ ಗಂಟೆಯನ್ನು ಗೊತ್ತುಮಾಡಿಕೊಂಡಿದ್ದಾರೆ. ಪಂಪು ಒಂದೇ, ಸಾಲು ಉದ್ದ. ಪ್ರಶ್ನೆ ಕೇಳಿದ ಹುಡುಗನು ಪುಟ್ಟ ವಹಿಯೊಂದರಲ್ಲಿ ಒಬ್ಬೊಬ್ಬರ ತೂಕ, ಟೈರಿನ ಅಗಲ, ಹಿಂದಿನ ಅಂಕಿ, ಮುಂದಿನ ಅಂಕಿಗಳನ್ನು ಬರೆದಿಟ್ಟುಕೊಂಡು ಸಾಲಿನ ಪಕ್ಕದಲ್ಲಿ ನಿಂತಿರುತ್ತಾನೆ. ಅವನ ಅಣ್ಣನ ಹೆಸರಿನ ಮುಂದೆ 115 ಎಂಬುದನ್ನು ಹೊಡೆದುಹಾಕಿ 70, 60 ಎಂದು ಬರೆದಿದೆ.